"ಆಕಿ ಇಲ್ಲಿ ಕೆಲಸ ಮಾಡಿಲ್ರಿ"

"ಮಷಿನ್ ಬಂದ್ ಮಾಡ್ರಿ... ಜಲ್ದಿ!"

ಸಂಘಮಿತ್ರಾ ತಿಪ್ಪೇಶನಿಗೆ ಹೇಳಿದ ಮೊದಲ ಮಾತೇ ಇದು! ರೈಸ್ ಮಿಲ್ ಮಷಿನ್ ರಿಪೇರಿ ಮಾಡುವ, ಕಂಪ್ಲಿಯ ಅವನ ಪುಟ್ಟ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಕೂಗಿದ್ದಳು. ಅವನು ಸಿಟ್ಟಿನಿಂದಲೇ ಬಟನ್ ಒತ್ತಿ ತಿರುಗಿ ನೋಡಿದರೆ, ಬೆಲ್ಟ್ ಅರ್ಧ ಹರಿದು ಜೋತಾಡುತ್ತಿತ್ತು. ಇನ್ನೊಂದು ನಿಮಿಷ ಓಡಿದ್ದರೆ ಅವನ ಕೈಗೇ ಬಡಿಯುತ್ತಿತ್ತು.

"ಯಾರ್ರಿ ನೀವು?"

"ಹೊಸಪೇಟ್ಯಾಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸೀನ್ರಿ. ಕೆಲಸ ಕೇಳಾಕ ಬಂದೀನಿ."

"ನಾಳೆಯಿಂದ ಬರ್ರಿ," ಅಂದ ಆ ಪುಣ್ಯಾತ್ಮ. ಅಷ್ಟೇ ಇಂಟರ್‌ವ್ಯೂ!

ಹನ್ನೊಂದು ತಿಂಗಳು ಕಳೆದವು. ಅಕ್ಕಿಯಲ್ಲಿ ನುಚ್ಚು ಜಾಸ್ತಿ ಬರ್ತೈತಿ ಅಂತ ಮಿಲ್ಲಿನವರು ಫೋನ್ ಮಾಡಿದರೆ ಸಾಕು, ಅವಳೇ ಹೋಗಿ ಮಷಿನ್ ಬಿಚ್ಚಿ ಸರಿಮಾಡಿ ಬರುತ್ತಿದ್ದಳು. ಅವಳು ಬರುವತನಕ ತಿಪ್ಪೇಶ್ ಊಟಕ್ಕೆ ಕೂಡುತ್ತಿರಲಿಲ್ಲ. ಆದರೆ ಇಬ್ಬರೂ ಮನಸ್ಸಿನ ಮಾತು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಅಷ್ಟರಲ್ಲಿ, ಜಾಹೀರಾತು ನೋಡಿ ಅವಳು ಅರ್ಜಿ ಹಾಕಿದ್ದ ವಡ್ಡು ಊರಿನ ಕಡೆಯ ದೊಡ್ಡ ಸ್ಟೀಲ್ ಕಂಪನಿಯಿಂದ ಆಫರ್ ಬಂತು. ಅವಳ ಅವ್ವ ಸುಂಕಲಮ್ಮ ಗಣಿಯಲ್ಲಿ ಅದಿರು ಹೊತ್ತೇ ಮಗಳನ್ನು ಓದಿಸಿದಾಕೆ. "ನೀ ಕಂಪನಿ ಬಸ್ಸಿನ್ಯಾಗ ಕುಂತು ಹೋಗೋದನ್ನ ಒಂದ್ಸಲ ನೋಡ್ಬೇಕವ್ವ," ಅನ್ನುತ್ತಿದ್ದಳು.

ಸಂಘಮಿತ್ರಾ ಒಪ್ಪಿದಳು. ಮನಸ್ಸು ಮಾತ್ರ... ಕಂಪ್ಲಿ ಬಿಟ್ಟು ಕದಲಲೇ ಇಲ್ಲ.

ಒಂದು ಸೋಮವಾರ ಕಂಪನಿಯ ಮೇಲ್ ಬಂತು. 'ಕೆಲಸದ ಅನುಭವದ ಬಗ್ಗೆ ಸುಳ್ಳು ಮಾಹಿತಿ ಕೊಟ್ಟಿದ್ದೀರಿ. ಆಫರ್ ರದ್ದು.'

ಅವಳು ಕಂಪನಿಗೆ ಫೋನ್ ಮಾಡಿ ಕಾರಣ ಕೇಳಿದಳು. ನೆಟ್ಟಗೆ ವರ್ಕ್‌ಶಾಪಿಗೆ ಬಂದಳು.

"ಕಂಪನಿಯವ್ರು ಫೋನ್ ಮಾಡಿದಾಗ ನೀವು, ಆಕಿ ಇಲ್ಲಿ ಕೆಲಸಾನ ಮಾಡಿಲ್ಲ ಅಂದ್ರಂತ... ಖರೇನಾ?"

ತಿಪ್ಪೇಶ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಖರೇರಿ... ಆದ್ರ..."

'ನನ್ನ ಕಳಿಸಾಕ ಮನಸ್ಸಿಲ್ದ ಹಿಂಗ ಮಾಡಿದ್ನಾ? ಇವನ್ನೇನಾ ನಾ ನಂಬಿದ್ದು?' ಅಂದುಕೊಂಡ ಅವಳು ಬಾಗಿಲತ್ತ ತಿರುಗಿದಳು.

"ಏನೂ ಹೇಳಬ್ಯಾಡ್ರಿ! ನಮ್ಮವ್ವಗ ಹೆಂಗ ಮುಖ ತೋರಿಸ್ಲಿ?"

ಅಳುತ್ತಲೇ ಹೊರಟುಹೋದಳು.

ಹತ್ತು ದಿನ ಅವಳು ತನ್ನೂರು ಪಾಪಿನಾಯಕನಹಳ್ಳಿಯ ಮನೆಯ ಹೊಸ್ತಿಲು ದಾಟಲಿಲ್ಲ. ಸುಂಕಲಮ್ಮ ಬೆಳಗಾಗೆದ್ದು ಮಗಳಿಗೆ ರೊಟ್ಟಿ ಬಡಿದಿಟ್ಟು ಗಣಿಗೆ ಹೋಗುತ್ತಿದ್ದಳು. ಅವ್ವ ಬೈದಿದ್ದರಾದರೂ ಮನಸ್ಸು ಹಗುರಾಗುತ್ತಿತ್ತು...

ಹನ್ನೊಂದನೇ ದಿನ ವರ್ಕ್‌ಶಾಪಿನ ಹಿರಿಯ ಮಿಸ್ತ್ರಿ ಪಕ್ಕೀರಪ್ಪ ಹುಡುಕಿಕೊಂಡು ಬಂದ.

"ಜಾಹೀರಾತಿನ್ಯಾಗ 'ಫ್ರೆಶರ್ಸ್‌ಗೆ ಮಾತ್ರ' ಅಂತ ಇತ್ತಲ್ಲವ್ವ. ಬ್ಯಾರೆ ಕಡೆ ದುಡಿದಾಕಿ ಅಂತ ಗೊತ್ತಾದ್ರ ನಿನ್ನ ತಗೊಳಂಗಿಲ್ಲ ಅಂತ ತಿಳಕೊಂಡು ಹಂಗ ಹೇಳ್ಯಾನ, ಹುಚ್ಚಪ್ಪ! ಸಣ್ಣ ವರ್ಕ್‌ಶಾಪಿನ ಅನುಭವ ಇದ್ರೂ ನಡೀತೈತಿ ಅಂತ, ನೀ ಫಾರ್ಮಿನ್ಯಾಗ ಖರೇನ ಬರದಿ ಅಂತ ಅವಗೇನ್ ಗೊತ್ತು? ಈಗ ದಿನಾ ಹಾಜರಿ ಪುಸ್ತಕ ಹಿಡ್ಕೊಂಡು ಕಂಪನಿ ಗೇಟಿನ ಮುಂದ ನಿಂದರ್ತಾನ."

ಅಯ್ಯೋ ದೇವರೇ! ಸಿಕ್ಕ ಬಸ್ಸು ಹತ್ತಿ ಓಡಿದಳು ಸಂಘಮಿತ್ರಾ.

ಗೇಟಿನ ಹೊರಗೆ, ಕೆಂಪು ಧೂಳಿನಲ್ಲಿ ಅವನು ಕೂತಿದ್ದ. ಗಡ್ಡ ಬೆಳೆದಿತ್ತು.

"ಇವತ್ತು ಒಳಗ ಕರೆದ್ರು. ತಪ್ಪು ನಂದು ಅಂತ ಬರಕೊಟ್ಟೆ," ಎಂದ. "ನೀವು ಸುಳ್ಳು ಹೇಳಿಲ್ಲ ಅಂತ ಒಪ್ಪಿದ್ರು. ಆದ್ರ ಜಾಗ... ತುಂಬೈತಂತ್ರಿ."

ಉಳಿದಿದ್ದ ಒಂದು ಆಸೆಯೂ ಹೋಯಿತು. ಅವಳು ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

"ನನ್ನ ಒಂದು ಮಾತು ಕೇಳಬಾರದಾಗಿತ್ತೇನ್ರಿ?"

"ಕೇಳಾಕ ಬಂದ್ರ 'ಹೋಗಬ್ಯಾಡ' ಅಂತ ಬಾಯಿಗೆ ಬರ್ತಿತ್ತು. ಅದಕ್ಕ ಕೇಳ್ಲಿಲ್ಲ."

ಶಿಫ್ಟ್ ಮುಗಿಸಿದವರ ಬಸ್ಸುಗಳು ಒಂದೊಂದಾಗಿ ಹೋದವು.

"ಮುಂದಿನ ವರ್ಷ ಮತ್ತ ಅರ್ಜಿ ಹಾಕ್ತೀನ್ರಿ. ನಮ್ಮವ್ವನ ಆಸೆ ಬಿಡಂಗಿಲ್ಲ."

"ಹಾಕ್ರಿ. ನಾನ ಬಂದು ಬಸ್ ಹತ್ತಿಸ್ತೀನಿ."

"ಅವ್ರು ಮತ್ತ ಫೋನ್ ಮಾಡಿ ನನ್ನ ಬಗ್ಗೆ ಕೇಳಿದ್ರ?"

"ನಮ್ಮಲ್ಲೇ ದುಡಿದಾಕಿ ಅಂತೀನಿ. ಭಾಳ ಶಾಣ್ಯಾಕಿ ಅಂತೀನಿ. ಆಕಿನ್ನ ಬಿಟ್ಟು ಇರಾಕ ನನ್ನ ಕೈಲಿ ಆಗಂಗಿಲ್ಲ ಅಂತೀನಿ..."

ಅವಳು ದುಪಟ್ಟಾದಿಂದ ಕಣ್ಣೊರೆಸಿಕೊಂಡಳು.

"ಅದನ್ನ ಕಂಪನಿಯವ್ರಿಗ್ಯಾಕ ಹೇಳ್ತೀರಿ? ನನಗ ಹೇಳ್ರಿ..."