ಗೋಡೆಯಾಚೆಯ ಸುತ್ತಿಗೆ

"ಅಯ್ಯೋ, ನಿನ್ನ ಮನೆ ಹಾಳಾಗ!"

ಗೋಡೆಯ ಆಚೆ ಯಾರೋ ಸುತ್ತಿಗೆಗೆ ಬೈದರು. ಕನ್ನಡದಲ್ಲಿ!

ಕೋಟು ಕಳಚಲೂ ಆಗದಷ್ಟು ಸುಸ್ತಾಗಿ ಬಿದ್ದುಕೊಂಡಿದ್ದವಳು ಎದ್ದು ಕೂತಳು. ಪರದೇಶಕ್ಕೆ ಬಂದು ಏಳು ತಿಂಗಳು. ಫೋನಿನಲ್ಲಿ ಅಕ್ಕನ ದನಿ ಬಿಟ್ಟರೆ ಕಿವಿಗೆ ಬಿದ್ದ ಮೊದಲ ಕನ್ನಡ ಒಂದು ಬೈಗುಳ. ಅದೂ ಹಿತವಾಗಿತ್ತು.

ಮೀನಿನ ಕಾರ್ಖಾನೆಯಿಂದ ಬಂದ ಬಟ್ಟೆಯಲ್ಲೇ ಹೋಗಿ ಪಕ್ಕದ ಬಾಗಿಲು ತಟ್ಟಿದಳು.

ಬಾಗಿಲು ತೆರೆದವನು ಸೋಫಾ ರಿಪೇರಿಯವನು. ಕೈಯಲ್ಲಿ ಸುತ್ತಿಗೆ, ಹೆಬ್ಬೆರಳಿಗೆ ಬಟ್ಟೆ. ಬಾಯಿ ಮಾತ್ರ ಬಿಗಿ. ಒಳಗೆ ಬರುವಂತೆ ತಲೆಯಾಡಿಸಿದ.

ಒಡೆದ ಕಿಟಕಿಗೆ ರಟ್ಟು. ನೆಲದ ಮೇಲೊಂದು ಹಾಸಿಗೆ, ಒಂದು ಸ್ಟೌ, ಒಂದೇ ಒಂದು ಕುರ್ಚಿ. ಊರವರ ಸೋಫಾಗಳಿಗೆಲ್ಲ ಸ್ಪಂಜು ತುಂಬುವವನ ಮನೆಯಲ್ಲಿ ಕೂರಲು ಇದ್ದದ್ದು ಅಷ್ಟೇ. ಅದನ್ನು ಅವಳತ್ತ ತಳ್ಳಿ ತಾನು ಗೋಡೆಗೊರಗಿ ನಿಂತ.

"ನಾನು ಪಕ್ಕದ ರೂಮಿನವಳು... ರಾತ್ರಿ ಪಾಳಿ. ಹಗಲು ಮಲಗ್ತೀನಿ." ಬೇರೆ ಮಾತು ಹೊಳೆಯಲಿಲ್ಲ.

"ಹ್ಞೂಂ."

"ನಿಮ್ದು ಯಾವ ಕಡೆ?"

"ಹ್ಞೂಂ."

ಛೆ! ಮೀನಿನ ನಾತ... ಅದಕ್ಕೇ ಬಾಯಿ ಬಿಡುತ್ತಿಲ್ಲ! ಬಸ್ಸಿನಲ್ಲೂ ಜನ ಹೀಗೇ ತುಟಿ ಬಿಗಿದು ದೂರ ಸರಿಯುತ್ತಾರೆ.

ಅವಳು ಹೇಳದೆ ಎದ್ದು ಬಂದಳು.

ಮರುದಿನ ಸುತ್ತಿಗೆಯ ಸದ್ದಿಲ್ಲ. ಅದರ ಮರುದಿನವೂ ಇಲ್ಲ. ಇಷ್ಟು ದಿನ ಆ ಸದ್ದಿಗೆ ಶಾಪ ಹಾಕುತ್ತಿದ್ದವಳಿಗೆ ಈಗ ನಿದ್ದೆಯೇ ಹತ್ತಲಿಲ್ಲ.

"ಊಟ ಆಯ್ತೇನೇ?" ಫೋನಿನಲ್ಲಿ ಅಕ್ಕ.

"ಆಯ್ತಕ್ಕ."

"ಯಾರ ಜೊತೆ?"

"ಗೋಡೆ ಜೊತೆ."

ಅಕ್ಕ ನಕ್ಕಳು. ತಮಾಷೆ ಅಂದುಕೊಂಡಳು.

ನಾಲ್ಕನೇ ದಿನ ಅವಳು ಎರಡು ಸಲ ಸೋಪು ಹಚ್ಚಿ ಮಿಂದಳು. ಒಗೆದ ಬಟ್ಟೆ ತೊಟ್ಟು, ತನ್ನ ಕುರ್ಚಿಯನ್ನೇ ಎತ್ತಿಕೊಂಡು ಹೊರಟಳು. ಇವತ್ತೂ ಮೂಗು ಮುರಿದರೆ ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ!

"ಕೆಲಸ ನಿಲ್ಸಿಬಿಟ್ರಾ?"

"ಹಗಲು ಮಲಗ್ತೀನಿ ಅಂದ್ರಲ್ಲ... ಜಗಳಕ್ಕೆ ಬಂದಿದ್ರಿ ಅಂದ್ಕೊಂಡೆ. ಈಗ ನೀವು ಪಾಳಿಗೆ ಹೋದ್ಮೇಲೆ ಮಾಡ್ತೀನಿ."

"ಅವತ್ತು ಬಾಯಿ ಬಿಡ್ಲಿಲ್ಲ ಯಾಕೆ? ನನ್ನ ವಾಸನೆಗಾ?"

"ವಾಸನೆನಾ?" ಅವನು ಜೇಬಿನಿಂದ ಸಣ್ಣ ಮೊಳೆಗಳನ್ನು ತೆಗೆದು ತೋರಿಸಿದ. "ಸುತ್ತಿಗೆಗೆ ಬೈದು ಮುಗಿಸಿ ಆಗಷ್ಟೇ ಬಾಯಿಗೆ ಇವನ್ನ ತುಂಬ್ಕೊಂಡಿದ್ದೆ ಕಣ್ರೀ! ಕೆಲಸ ಮಾಡುವಾಗ ಬಾಯೇ ನಮಗೆ ಡಬ್ಬಿ. ಮೊದಲ ಸಲ ಬಂದವರ ಮುಂದೆ ಹೇಗೆ ಉಗುಳ್ಲಿ? ನೀವು ಎದ್ದು ಹೋದಾಗ... ಈ ಮನೆ ನೋಡಿ ಅಸಹ್ಯ ಪಟ್ರಿ ಅಂದ್ಕೊಂಡೆ."

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

"ಹಗಲೇ ಹೊಡೀರಿ. ಆ ಸದ್ದು ಕೇಳಿದ್ರೆ... ಪಕ್ಕದಲ್ಲಿ ಯಾರೋ ಇದ್ದಾರೆ ಅನ್ಸುತ್ತೆ."

ಅವನು ಮಾತಾಡಲಿಲ್ಲ. ಈ ಸಲ ಬಾಯಲ್ಲಿ ಮೊಳೆ ಇರಲಿಲ್ಲ.

ಇಬ್ಬರೂ ಕೂತರು. ಅವಳ ಕುರ್ಚಿ ಕುಂಟಿತು. ಅವನು ಬಗ್ಗಿ ನೋಡಿದ.

"ಕಾಲು ಸಡಿಲ ಆಗಿದೆ. ಇಲ್ಲೇ ಬಿಟ್ಟು ಹೋಗಿ, ಸರಿ ಮಾಡ್ತೀನಿ."

"ಎಷ್ಟು ದಿನ ಬೇಕು?"

"ದಿನಾ ನೀವು ಬಂದು ಕೂತು ನೋಡ್ಬೇಕಾಗುತ್ತೆ... ನನಗಂತೂ ಅವಸರ ಇಲ್ಲ."

"ನನಗೂ ಇಲ್ಲ."