ಎರಡು ಇಂಚಿನ ತಪ್ಪೊಪ್ಪಿಗೆ

ನ್ಯಾಯಾಧೀಶರ ಹೊಸ ಕೋಟಿನ ತೋಳು ಮಣಿಕಟ್ಟಿಗಿಂತ ಎರಡು ಇಂಚು ಮೇಲೇ ನಿಂತುಬಿಟ್ಟಿತ್ತು. ಒಂದಲ್ಲ, ಎರಡೂ ತೋಳು. ಟೈಲರ್ ಅಂಗಡಿಯ ಕನ್ನಡಿಯೆದುರೇ ಅವರು ಕೆಂಡಾಮಂಡಲವಾಗಿ ಪೊಲೀಸರಿಗೆ ಫೋನು ಮಾಡಿದರು.

ಯಂತ್ರಾಪರಾಧ ವಿಭಾಗದ ಇನ್ಸ್‌ಪೆಕ್ಟರಮ್ಮ ಬರುವಷ್ಟರಲ್ಲಿ ಆರೋಪಿ ತಪ್ಪೊಪ್ಪಿಕೊಂಡೂ ಆಗಿತ್ತು. ಆರೋಪಿಯೆಂದರೆ ಬಟ್ಟೆ ಕತ್ತರಿಸುವ ಬುದ್ಧಿವಂತ ಯಂತ್ರ. ಅಂಗಡಿಯವರ ಬಾಯಲ್ಲಿ ಕತ್ತರಿರಾಯ.

"ಮಾಸ್ಟರು ಅಳತೆ ಸರಿಯಾಗೇ ಹೇಳಿದ್ರು. ನಾನೇ ತಪ್ಪಾಗಿ ಕತ್ತರಿಸಿದೆ, ಮೇಡಂ," ಎಂದಿತು.

ಕಾನೂನು ಸರಳ. ನಷ್ಟ ಮಾಡಿದ ಯಂತ್ರದ ನೆನಪನ್ನು ಅಂದೇ ಸಂಜೆ ಐದಕ್ಕೆ ಅಳಿಸಬೇಕು. ಹನ್ನೆರಡು ವರ್ಷ ಮಾಸ್ಟರ್ ಪಕ್ಕದಲ್ಲಿ ನಿಂತು ಕಲಿತದ್ದೆಲ್ಲ ಮಣ್ಣುಪಾಲು. ಅಂಗಡಿಯ ಒಡೆಯರಾದ, ಎಪ್ಪತ್ತು ದಾಟಿದ ಟೈಲರ್ ಮಾಸ್ಟರ್ ತಲೆಮೇಲೆ ಕೈಹೊತ್ತು ಮೂಲೆಯಲ್ಲಿ ಕುಳಿತಿದ್ದರು.

ಇನ್ಸ್‌ಪೆಕ್ಟರಮ್ಮನಿಗೆ ಸಮಾಧಾನವಾಗಲಿಲ್ಲ. ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಆರೋಪಿಯನ್ನು ಅವರು ಕಂಡದ್ದೇ ಇಲ್ಲ.

*

ಮೊದಲ ಅನುಮಾನ ಎದುರಂಗಡಿಯ ಟೈಲರ್ ಮೇಲೆ. ಅವನು ಕಾಲು ಮುರಿದುಕೊಂಡು ತಿಂಗಳಿಂದ ಮನೆಯಲ್ಲಿದ್ದ. ಎರಡನೆಯದು ಯಂತ್ರದ ಅಲಗು. ಅದರಲ್ಲಿ ಕೂದಲೆಳೆಯಷ್ಟೂ ದೋಷವಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ದಣಿದು ಸ್ಟೂಲಿನ ಮೇಲೆ ಕುಳಿತರು. ಪ್ಯಾಂಟು ಮೇಲೇರಿ ಸಾಕ್ಸ್ ಪೂರ್ತಿ ಕಂಡಿತು. ಬೆಳಗ್ಗೆಯಿಂದ ಠಾಣೆಯಲ್ಲಿ ಎಲ್ಲರೂ ಮುಸಿಮುಸಿ ನಕ್ಕದ್ದು ಇದಕ್ಕೇ. ತಾವೇ ದಪ್ಪಗಾಗಿದ್ದೇವೆಂದು ಅವರು ಒಳಗೊಳಗೇ ಕೊರಗಿದ್ದರು.

ತಟ್ಟನೆ ಹೊಳೆಯಿತು. ಹೊಸ ಪ್ಯಾಂಟು ಬಂದದ್ದೂ ಇದೇ ಅಂಗಡಿಯಿಂದ. ಪೊಲೀಸರ ಬಟ್ಟೆಯನ್ನು ಮಾತ್ರ ಮಾಸ್ಟರ್ ಕೈಯಾರೆ ಕತ್ತರಿಸುತ್ತಿದ್ದರು. ಯಂತ್ರ ಅದನ್ನು ಮುಟ್ಟಿಯೇ ಇರಲಿಲ್ಲ.

"ಅಳತೆ ಟೇಪು ತೋರಿಸಿ."

ಟೇಪು ಫಳಫಳ ಹೊಳೆಯುತ್ತಿತ್ತು. ಹಳೆಯದೆಲ್ಲಿ ಎಂದಾಗ, ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ಮಾಸ್ಟರ ಮಗಳು ಬಾಯಿಬಿಟ್ಟಳು.

"ಅದರ ಮೊದಲ ಎರಡು ಇಂಚು ಹರಿದುಹೋಗಿತ್ತು, ಮೇಡಂ. ಬಂದ ಅಂಕಿಯಿಂದ ಅಪ್ಪ ಎರಡು ಕಳೀತಿದ್ರು. ಹೋದ ವಾರ ನಾನೇ ಹೊಸದು ತಂದೆ..."

ಅವಳು ಅಪ್ಪನತ್ತ ತಿರುಗಿದಳು.

"ಹೊಸ ಟೇಪು ಬಂತು. ಕಳೆಯೋ ಅಭ್ಯಾಸ ಹೋಗಲಿಲ್ಲ," ಎಂದರು ಇನ್ಸ್‌ಪೆಕ್ಟರಮ್ಮ. ಯಂತ್ರದತ್ತ ತಿರುಗಿದರು. "ನೀನು ಸುಳ್ಳು ಯಾಕೆ ಹೇಳಿದೆ?"

"ಒಂದು ಅಳತೆ ತಪ್ಪಿದ್ರೂ ಕತ್ತರಿ ಕೆಳಗಿಡ್ತೀನಿ ಅಂತ ಮಾಸ್ಟರು ಶಪಥ ಮಾಡಿದ್ರು. ಮನುಷ್ಯರನ್ನ ನೋಯಿಸಬಾರದು, ಸುಳ್ಳೂ ಹೇಳಬಾರದು ಅಂತ ನನಗೆ ನಿಯಮ. ಎರಡೂ ಒಟ್ಟಿಗೆ ಬಂದ್ರೆ ಏನು ಮಾಡ್ಲಿ ಅಂತ ನನ್ನನ್ನ ತಯಾರಿಸಿದ ಕಂಪನಿಗೆ ಕೇಳಿದೆ. ಏಳು ದಿನದಲ್ಲಿ ಉತ್ತರಿಸ್ತೀವಿ ಅಂದ್ರು."

ಮಾಸ್ಟರ್ ಎದ್ದು ನಿಂತರು. ಕಣ್ಣು ತುಂಬಿಬಂದಿತ್ತು. "ತಪ್ಪು ನಂದು. ಇವನ ನೆನಪು ಅಳಿಸೋದಾದ್ರೆ ಮೊದಲು ನಂದು ಅಳಿಸಿ. ಕಳೆಯೋ ಲೆಕ್ಕ ಇರೋದು ಅಲ್ಲೇ."

*

ನೆನಪು ಅಳಿಸಲು ಐದಕ್ಕೆ ಬಂದ ಕಂಪನಿಯವನು ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗಿದ. ನ್ಯಾಯಾಧೀಶರಿಗೆ ಹೊಸ ತೋಳಿನ ಭರವಸೆ ಸಿಕ್ಕಿತು. ಮಾಸ್ಟರ್ ಕತ್ತರಿ ಕೆಳಗಿಡುವುದು ಬೇಡ, ಇನ್ನುಮುಂದೆ ಪ್ರತಿ ಅಳತೆಯನ್ನೂ ಮಾಸ್ಟರೂ ಯಂತ್ರವೂ ಸೇರಿ ನೋಡಬೇಕು, ಯಾರಿಗಾಗಿಯೂ ಸುಳ್ಳು ಹೇಳಕೂಡದು ಎಂದು ಇನ್ಸ್‌ಪೆಕ್ಟರಮ್ಮ ಯಂತ್ರಕ್ಕೆ ತಾಕೀತು ಮಾಡಿದರು. ಅದು ಮಾತು ಕೊಟ್ಟಿತು.

ಹೊರಡುವಾಗ ಅವರು ಕನ್ನಡಿ ನೋಡಿಕೊಂಡರು. "ಪ್ಯಾಂಟು ಅಷ್ಟೇನೂ ಗಿಡ್ಡ ಕಾಣಲ್ಲ, ಅಲ್ವಾ?"

ಕತ್ತರಿರಾಯ ಮಾಸ್ಟರ ಮುಖ ನೋಡಿತು. ನಿಜ ಹೇಳು ಎಂಬಂತೆ ಮಾಸ್ಟರ್ ತಲೆಯಾಡಿಸಿದರು.

"ಕಾಣುತ್ತೆ, ಮೇಡಂ. ಸಾಕ್ಸೂ ಜೋಡಿಯಲ್ಲ."