ಹಂಚಿನ ಕೆಂಪು

“ಗುಲಾಬಿ ಬಣ್ಣದ ಹಂಚು ಯಾವ ಊರಲ್ಲಿ ಉಂಟು?”

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಭೋಜ ಕೇಳಿದ್ದು ಗಾಳಿಗೆ. ಹೊಸ ಕ್ರೇಯಾನ್ ಪೆಟ್ಟಿಗೆಯಲ್ಲಿ ಹಂಚಿನ ಕೆಂಪು ಇರಬೇಕಾದ ಜಾಗದಲ್ಲಿ ಗುಲಾಬಿ ಕಡ್ಡಿ ಮಲಗಿತ್ತು. ಕಂಪೆನಿಯವರು ಆ ಕೆಂಪನ್ನು ನಿಲ್ಲಿಸಿಬಿಟ್ಟಿದ್ದರು.

ತೋಡಾರಿನ ಶಾಲೆಯಲ್ಲಿ ಮೊದಲು ಮುಗಿಯುವುದು ಅದೇ ಬಣ್ಣವೆಂದು ಕಾಂತಿ ಟೀಚರು ಹೇಳುತ್ತಿದ್ದಳು. ಮುಳಿಹುಲ್ಲಿನ ಮನೆಯ ಮಕ್ಕಳೂ ಚಿತ್ರದಲ್ಲಿ ಹಂಚಿನ ಮನೆಯನ್ನೇ ಕಟ್ಟುತ್ತಾರಂತೆ. ಅದಕ್ಕೇ ಶನಿವಾರ ಶಾಲೆ ಬಿಟ್ಟೊಡನೆ ಬಸ್ಸು ಹತ್ತಿ ಮೂಡುಬಿದಿರೆಗೆ, ಭೋಜನ ಅಂಗಡಿಗೆ ಬರುತ್ತಿದ್ದಳು. ಅವನು ಅವಳ ಮುಖ ನೋಡುತ್ತಿರಲಿಲ್ಲ; ಬೆರಳ ತುದಿಗೆ ಅಂಟಿದ ಕೆಂಪನ್ನು ನೋಡುತ್ತಿದ್ದ. ಅದು ಗೊತ್ತಿದ್ದೂ ಅವಳು ಬೆರಳನ್ನು ಒರೆಸಿಕೊಳ್ಳುತ್ತಿರಲಿಲ್ಲ.

ಇಬ್ಬರ ಮನೆಮಾತೂ ತುಳು. ಆದರೂ ಕನ್ನಡವನ್ನೇ ಆಡುತ್ತಿದ್ದರು. ತುಳುವಿನಲ್ಲಿ ಸಲಿಗೆ ಹೆಚ್ಚಾದೀತೆಂಬ ಹೆದರಿಕೆ.

ಕಳೆದ ತಿಂಗಳು ಅವಳು ಬಂದಾಗ ಅಂಗಡಿ ತುಂಬ ಜನ. ಭೋಜ ತಲೆ ಎತ್ತದೆ, “ಇನ್ನು ಬರ್ಲಿಕ್ಕಿಲ್ಲ” ಅಂದಿದ್ದ. ಅವಳು ತಿರುಗಿ ನಡೆದಿದ್ದಳು. ಮತ್ತೆ ಬರಲೇ ಇಲ್ಲ.

ಬಣ್ಣಕ್ಕೆಂದು ಬರುತ್ತಿದ್ದವಳು, ಬಣ್ಣ ಹೋಯಿತು, ಅವಳೂ ಹೋದಳು ಎಂದು ಅವನು ಮನಸ್ಸಿಗೆ ಹೇಳಿದ. ಮನಸ್ಸು ಕೇಳಲಿಲ್ಲ. ಸಂಜೆ ದೇವಸ್ಥಾನದಲ್ಲಿ ಕಾವ್ಯ ಓದುವಲ್ಲಿ ಹೋಗಿ ಕುಳಿತರೂ ಒಂದು ಸಾಲೂ ಕಿವಿಗಿಳಿಯಲಿಲ್ಲ. ಪ್ರತಿ ಬಸ್ಸಿನ ಹಾರ್ನಿಗೂ ಕತ್ತು ತಿರುಗುತ್ತಿತ್ತು.

ಈಗಲೂ ತಿರುಗಿತು. ಬಸ್ಸಿಳಿದು ಬಂದದ್ದು ತೋಡಾರಿನ ಆಸ್ಯಮ್ಮ. ಮೊಟ್ಟೆಯ ಬುಟ್ಟಿ ಇಳಿಸಿದವಳೇ ಬೈದಳು.

“ಎಂತದು ಮಾರಾಯ, ಟೀಚರಿಗೆ ಅಂಗಡಿಗೆ ಬರ್ಬಾರ್ದು ಅಂದಿಯಂತೆ?”

“ನಾನಾ? ಬಣ್ಣ ಬರ್ಲಿಕ್ಕಿಲ್ಲ ಅಂದದ್ದು!”

“ಬಣ್ಣ ಅಂತ ಬಾಯಿಬಿಟ್ಟು ಹೇಳಿದ್ಯಾ?”

ಭೋಜ ಯೋಚಿಸಿದ. ಹೇಳಿರಲಿಲ್ಲ.

“ನಾಳೆ ಬೆಳ್ತಂಗಡಿಯವರು ಟೀಚರ ಮನೆಗೆ ಹೆಣ್ಣು ನೋಡ್ಲಿಕ್ಕೆ ಬರ್ತಾರೆ. ನೀನು ಇಲ್ಲೇ ಕೂತ್ಕೋ, ಕಡ್ಡಿ ಜೋಡಿಸಿಕೊಂಡು.”

ಅವನು ಬಾಗಿಲು ಹಾಕಿ ಅದೇ ಬಸ್ಸಿನ ಹಿಂದೆ ಓಡಿದ ಮೇಲೆ ನೆನಪಾಯಿತು, ತೋಡಾರಿಗೆ ಹೋಗುವ ಬಸ್ಸು ರಸ್ತೆಯ ಆಚೆ ಬದಿಯದ್ದು.

ಅವನು ತೋಡಾರು ಮುಟ್ಟಿದಾಗ ಕಾಂತಿ ಶಾಲೆಗೆ ಬೀಗ ಹಾಕುತ್ತಿದ್ದಳು.

“ಬರ್ಲಿಕ್ಕಿಲ್ಲ ಅಂದದ್ದು ಬಣ್ಣದ ವಿಷಯ. ನಿಮಗಲ್ಲ,” ಎಂದ, ಏದುಸಿರಿನಲ್ಲೇ.

ಅವಳು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. “ಇಷ್ಟು ಹೇಳ್ಲಿಕ್ಕೆ ತಿಂಗಳು ಬೇಕಾಯ್ತಾ?”

“ನೀವು ಬಣ್ಣಕ್ಕೆ ಮಾತ್ರ ಬರುವುದು ಅಂತ ಎಣಿಸಿದೆ.”

“ಆ ಕೆಂಪು ಕಡ್ಡಿ ನನ್ನ ಮೇಜಿನೊಳಗೆ ರಾಶಿ ಉಂಟು. ಮಕ್ಕಳು ಅಷ್ಟೆಲ್ಲ ಮನೆ ಕಟ್ಟುವುದುಂಟಾ?”

ತುಟಿಯಲ್ಲಿ ನಗು, ಕಣ್ಣು ತುಂಬಿತ್ತು.

ಭೋಜನಿಗೆ ಕನ್ನಡ ಸಾಕಾಯಿತು. ತುಳುವಿನಲ್ಲೇ ಕೇಳಿದ: “ನನ್ನ ಮನೆಗೆ ಬರ್ತೀಯಾ, ಯಾವತ್ತಿಗೂ?”

“ನನ್ನನ್ನಲ್ಲ ಕೇಳುವುದು. ಅಪ್ಪ ಮನೆಯ ಜಗಲಿಯಲ್ಲಿದ್ದಾರೆ, ಬೆಳ್ತಂಗಡಿಯವರು ಬರುವ ಮೊದಲು ಈಗಲೇ ಹೋಗುವ,” ಅವಳೂ ತುಳುವಿಗೇ ಇಳಿದಳು.

ಅವನು ಬೆವರಿನ ಅಂಗಿಯನ್ನು ನೋಡಿಕೊಂಡ. “ಹೀಗೆಯಾ? ಅಮ್ಮನನ್ನು ಕರ್ಕೊಂಡು ಬೆಳಿಗ್ಗೆ ಬರ್ತೇನೆ. ಒಂದು ರಾತ್ರಿ ಕೊಡು.”

“ಕೊಡುವುದಿಲ್ಲ,” ಎಂದಳು ಕಾಂತಿ.